ಇಳಿಸುವ ಸದ್ದು

ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಅವಳು ಬಸ್ಸಿನಿಂದ ಇಳಿದಳು. ಇಳಿಯುವಾಗ ಹಿಂದೆ ಇದ್ದವರ ಚೀಲ ಬೆನ್ನಿಗೆ ಬಲವಾಗಿ ಬಡಿಯಿತು; ತಾಗಿಸಿದವರು ಸುಮ್ಮನಿದ್ದರು, ಅವಳೇ ‘ಸಾರಿ’ ಅಂದಳು. ಅಂದದ್ದೇ ತಡ, ಮನೆಯಿಂದ ಜೋಪಾನವಾಗಿ ಹೊತ್ತು ತಂದಿದ್ದ ಧೈರ್ಯದಲ್ಲಿ ಒಂದು ಪಾಲು ಅಲ್ಲೇ ರಸ್ತೆಯ ಮೇಲೆ ಚೆಲ್ಲಿಹೋದಂತಾಯಿತು. ಆದರೂ ನಿಲ್ಲಲಿಲ್ಲ. ಸ್ಟಾಪಿನಿಂದ ಆಶ್ರಯಧಾಮದ ಗೇಟಿಗೆ ಹನ್ನೆರಡು ನಿಮಿಷದ ದಾರಿ. ಟೈರಿನ ಅಂಗಡಿ, ಅದರ ಪಕ್ಕ ಇನ್ನೂ ಬಾಗಿಲು ತೆರೆಯದ ವೆಲ್ಡಿಂಗ್ ಶಾಪು, ಆಮೇಲೆ ಉದ್ದಕ್ಕೂ ತಂತಿಬೇಲಿ. ಆ ಹನ್ನೆರಡು ನಿಮಿಷವೂ ಎರಡೇ ವಾಕ್ಯಗಳನ್ನು ಬಾಯೊಳಗೆ ಹೊರಳಿಸುತ್ತ ನಡೆದಳು. ಮೇಡಂ, ಮೂರನೆಯದು ತಾನಾಗಿ ಹೊರಗೆ ಬರ್ತಿಲ್ಲ. ನಾನು ಬರಿಸ್ತಿದ್ದೀನಿ. ಮೊನ್ನೆಯವರೆಗೆ ಇದು ಒಂದು ಪುಟದಷ್ಟಿತ್ತು. ಹೇಗೆ ಶುರುವಾಯಿತು, ಯಾಕೆ ಮುಂದುವರಿಯಿತು, ತನ್ನ ಉದ್ದೇಶವೇನು, ಎಲ್ಲ ಇತ್ತು. ನಿನ್ನೆ ಒಂದೊಂದಾಗಿ ಹೊಡೆದುಹಾಕಿ ಎರಡಕ್ಕೆ ತಂದಿದ್ದಳು. ಉದ್ದೇಶ ಎಂಬ ಪದ ಮಾತ್ರ ಕೊನೆಯವರೆಗೂ ಹಟ ಹಿಡಿದು ಕೂತಿತ್ತು. ಅದನ್ನೂ ಎಬ್ಬಿಸಿ ಕಳಿಸಿದ ಮೇಲೆ ಉಳಿದದ್ದು ಬಹಳ ಚಿಕ್ಕದಾಗಿತ್ತು, ಗುಟುಕು ನೀರಿನ ಜೊತೆ ನುಂಗಿಬಿಡಬಹುದಾದಷ್ಟು.

ಅವಳ ಕೆಲಸ ನೋಡುವುದು, ನೋಡಿದ್ದನ್ನು ಬರೆಯುವುದು. ಏಳು ತಿಂಗಳ ಹಿಂದೆ, ಮುಚ್ಚಿಹೋದ ಒಂದು ಸರ್ಕಸ್ಸಿನಿಂದ ಮೂರು ಸಿಂಹಗಳನ್ನು ಬಿಡಿಸಿ ಲಾರಿಯಲ್ಲಿ ಇಲ್ಲಿಗೆ ತಂದಿದ್ದರು. ಅವು ಬಂದ ವಾರವೇ ಪ್ರಾಣಿಶಾಸ್ತ್ರದ ಪದವಿ ಹಿಡಿದುಕೊಂಡು ಅವಳೂ ಬಂದಳು. ಇಲ್ಲಿಯ ಡಾಕ್ಟರಮ್ಮ ಕೇಳಿದ ಏಳು ಪ್ರಶ್ನೆಗಳಲ್ಲಿ ಐದಕ್ಕೆ ಅವಳು ತಲೆಯಾಡಿಸಿಯೇ ಉತ್ತರ ಕೊಟ್ಟಿದ್ದಳು. ಮಾತು ಕಮ್ಮಿ ಇರೋದು ಒಳ್ಳೇದೇ, ಸಿಂಹಗಳಿಗೂ ಅದೇ ಬೇಕಾಗಿರೋದು ಎಂದು ಅವರು ಕೆಲಸ ಕೊಟ್ಟರು. ಅಂದಿನಿಂದ ಕಬ್ಬಿಣದ ಸರಳುಗಳ ಕಟಾಂಜನದ ಈಚೆ ಒಂದು ಸ್ಟೂಲಿನ ಮೇಲೆ ಕೂತು, ಪರೀಕ್ಷೆಗೆ ಒಯ್ಯುವಂಥ ಪ್ಯಾಡಿಗೆ ಹಾಳೆ ಸಿಕ್ಕಿಸಿ, ಹತ್ತು ನಿಮಿಷಕ್ಕೊಂದು ಸಾಲು: ಯಾವ ಸಿಂಹ, ಎಲ್ಲಿ, ಏನು ಮಾಡುತ್ತಿದೆ. ತೆಳ್ಳಗೆ, ಬೆಳ್ಳಗೆ, ಕೈಯಲ್ಲಿ ಸದಾ ಪೆನ್ಸಿಲ್ಲು. ಎರಡನೇ ವಾರಕ್ಕೇ ಅವಳ ಹೆಸರೂ ಪೆನ್ಸಿಲ್ ಆಯಿತು. ಸಿಂಹಗಳಿಗೆ ಹೆಸರಿಡುವಂತಿರಲಿಲ್ಲ. ಹಳೆಯ ಹೆಸರು ಕರೆದರೆ ಹಳೆಯ ಆಟವೂ ಎದ್ದು ಬರುತ್ತದೆ ಎಂದು ಬರೀ ಅಂಕಿ ಕೊಟ್ಟಿದ್ದರು. ಒಂದನೆಯದೂ ಎರಡನೆಯದೂ ನಲವತ್ತು ದಿನದೊಳಗೆ ಕೋಣೆ ಬಿಟ್ಟು ಎದುರಿನ ಅಂಗಳದ ಹುಲ್ಲಿನ ಮೇಲೆ ಕಾಲಿಟ್ಟವು. ಈಗ ಮರಗಳಿರುವ ದೊಡ್ಡ ಬಯಲಿನಲ್ಲಿ ತಮ್ಮ ಪಾಡಿಗೆ ತಾವಿವೆ. ಮೂರನೆಯದು ಹೊಸ್ತಿಲು ದಾಟಲಿಲ್ಲ. ವಯಸ್ಸಾದ ಹೆಣ್ಣು, ಮುರಿದ ಕೋರೆಹಲ್ಲು, ಉಗುರು ಕಿತ್ತ ಪಾದಗಳು. ಕೋಣೆ ಐದು ಹೆಜ್ಜೆಯ ಉದ್ದವಿದ್ದರೂ ಮೂರು ಹೆಜ್ಜೆಗೇ ತಿರುಗುತ್ತಿತ್ತು, ಸರ್ಕಸ್ಸಿನ ಬಂಡಿ ಮೂರು ಹೆಜ್ಜೆಯದಾದ್ದರಿಂದ. ಬಾಗಿಲ ಹಗ್ಗ ಎಳೆಯುವ ಬಾಗಿಲಣ್ಣ ಅದಕ್ಕೆ ‘ಅತ್ತೆ’ ಎನ್ನುತ್ತಿದ್ದ. ಎದ್ದು ಒಂದು ಕೆಲಸ ಮಾಡದಿದ್ದರೂ ಕೂತಲ್ಲಿಂದಲೇ ಎಲ್ಲರನ್ನೂ ದುರುಗುಟ್ಟಿ ನೋಡುತ್ತದಂತೆ. ಕರೆಯಬಾರದು, ಶಿಳ್ಳೆ ಹಾಕಬಾರದು, ಕೋಲು ಹಿಡಿಯಬಾರದು, ಮಾಂಸ ತೋರಿಸಿ ಆಸೆ ಹಚ್ಚಬಾರದು. ಬೆಳಿಗ್ಗೆ ಬಾಗಿಲು ಎತ್ತಬೇಕು, ಸಂಜೆ ಇಳಿಸಬೇಕು. ನಡುವೆ ಅದರ ಇಷ್ಟ. ಇದೊಂದೇ ಇಲ್ಲಿಯ ನಿಯಮ. ಹೊರಗೆ ಬಾರದ ಪ್ರಾಣಿಯನ್ನು ಹಿಂದುಗಡೆಯ ಸಿಮೆಂಟಿನ ಸಾಲಿಗೆ ಹಾಕುತ್ತಾರೆ ಎನ್ನುವುದು ನಿಯಮವಲ್ಲ, ಜಾಗದ ಮಾತು. ಇನ್ನಷ್ಟು ಪ್ರಾಣಿಗಳ ಲಾರಿ ಬರುವುದಿತ್ತು, ಅವಕ್ಕೆ ಕೋಣೆ ಬೇಕಿತ್ತು. ಹಿಂದಿನ ಸಾಲಿಗೆ ಹೋದದ್ದು ಯಾವುದೂ ತಿರುಗಿ ಬಂದದ್ದಿಲ್ಲ.

ಹಾಗಿರುವಾಗ, ಹನ್ನೊಂದು ದಿನದ ಹಿಂದೆ, ಏಳು ನಲವತ್ತಕ್ಕೆ, ಕೂತು ಕೂತು ಜೋಮು ಹಿಡಿದ ಕಾಲನ್ನು ಕೊಡವಲೆಂದು ಎದ್ದವಳು ಮುಗ್ಗರಿಸಿದಳು. ಪ್ಯಾಡಿನ ತಗಡಿನ ಕ್ಲಿಪ್ಪು ಕಟಾಂಜನದ ಕಬ್ಬಿಣಕ್ಕೆ ಎರಡು ಸಲ ಬಡಿಯಿತು. ಟಣ್ ಟಣ್. ಏಳು ತಿಂಗಳು ಕೋಣೆ ಬಿಟ್ಟು ಕದಲದಿದ್ದ ಸಿಂಹಿಣಿ ಆ ಎರಡು ಸದ್ದಿಗೆ ಎದ್ದು, ಹೊಸ್ತಿಲು ದಾಟಿ, ಹುಲ್ಲನ್ನು ಹುಲ್ಲೆಂದೂ ನೋಡದೆ ತುಳಿದುಕೊಂಡು ಓಡಿ, ಬಿಸಿಲು ಕಾಯಲೆಂದು ನಡುವೆ ಹಾಕಿದ್ದ ಚಪ್ಪಟೆ ಕಲ್ಲನ್ನು ಹತ್ತಿತು. ಹತ್ತಿ, ಹಿಂಗಾಲುಗಳ ಮೇಲೆ ಕುಳಿತು, ಮುಂಗಾಲೆರಡನ್ನೂ ಎದೆಯ ಮುಂದೆ ಎತ್ತಿ ಹಿಡಿದು, ಬಾಯಿ ತೆರೆದು ಅವಳನ್ನೇ ನೋಡಿತು. ಅವಳು ಮೊದಲು ಹಿಗ್ಗಿದಳು. ಹೊರಗೆ ಬಂದಿದೆ, ಬಂದಿದೆ ಎಂದು ಒಳಗೆ ಏನೋ ಕುಣಿಯಿತು. ಆಮೇಲೆ ಅದು ಇಳಿಯಲಿಲ್ಲ. ಕಾಯುತ್ತಿತ್ತು. ಎತ್ತಿದ ಪಂಜಗಳು ನಡುಗತೊಡಗಿದವು, ಸೊಂಟ ಒಂದು ಕಡೆಗೆ ವಾಲಿತು, ಜೊಲ್ಲು ಇಳಿಯಿತು, ಕಣ್ಣು ಮಾತ್ರ ಕದಲಲಿಲ್ಲ. ಇದು ಸರ್ಕಸ್ಸಿನ ಆಟ, ಇದಕ್ಕೆ ಇನ್ನೊಂದು ಸದ್ದು ಇರಬೇಕು, ಸಾಕು ಎನ್ನುವ ಸದ್ದು, ಇಳಿಸುವ ಸದ್ದು, ಅದು ತನಗೆ ಗೊತ್ತಿಲ್ಲ ಎಂದು ಅವಳಿಗೆ ಹೊಳೆಯಿತು. ಒಮ್ಮೆ ತಟ್ಟಿ ನೋಡಿದಳು. ಮೂರು ಸಲ ತಟ್ಟಿ ನೋಡಿದಳು. ಕೈ ಬೀಸಿದಳು, ಸಾಕು ಎಂದು ಪಿಸುಗುಟ್ಟಿದಳು, ಮುಖ ತಿರುಗಿಸಿ ನಿಂತಳು. ನಾಲ್ಕು ನಿಮಿಷದ ಮೇಲೆ ಅದು ತಾನೇ ಸೋತು ಕುಸಿದು ಕಲ್ಲಿನ ಮೇಲೆ ಮಲಗಿತು. ಎಂಟೂವರೆಗೆ ಅತ್ತ ಬಂದವರೆಲ್ಲ ಕಂಡದ್ದು ಬಿಸಿಲಿನಲ್ಲಿ ಹಾಯಾಗಿ ಬಿದ್ದುಕೊಂಡ ಸಿಂಹಿಣಿಯನ್ನು. ಹಾಳೆಯ ಮೇಲೆ ಅಷ್ಟರಲ್ಲಿ ಅವಳ ಗುಂಡುಗುಂಡಾದ ಅಕ್ಷರವಿತ್ತು: 7.40. ಮೂರನೆಯದು ತಾನಾಗಿ ಹೊರಬಂದಿತು.

ಸುಳ್ಳು ಬರೆಯುತ್ತಿದ್ದೇನೆ ಎಂದು ಆಗ ಅನ್ನಿಸಿರಲೇ ಇಲ್ಲ; ಪೆನ್ಸಿಲ್ಲು ತಾನೇ ಬರೆದಂತಿತ್ತು. ಡಾಕ್ಟರಮ್ಮ ಹಾಳೆ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಅವಳ ಭುಜದ ಮೇಲೆ ಕೈಯಿಟ್ಟರು. ಆ ಕೈಯ ಬಿಸಿ ಎರಡು ದಿನ ಹಾಗೇ ಇತ್ತು. ಯಾರಾದರೂ ಅವಳನ್ನು ಮುಟ್ಟಿ ಮೆಚ್ಚಿ ಎಷ್ಟು ವರ್ಷವಾಗಿತ್ತೋ. ಮರುದಿನ ಸಿಂಹಿಣಿ ಬರಲಿಲ್ಲ. ಎಂಟು ಹತ್ತರವರೆಗೂ ಕಾದಳು. ಎಂಟೂವರೆಗೆ ಜನ ಬರುತ್ತಾರೆ. ಎಂಟು ಇಪ್ಪತ್ತಕ್ಕೆ ಕಾಲಿಗೆ ಜೋಮು ಹಿಡಿದಿರಲಿಲ್ಲ, ಅವಳು ಮುಗ್ಗರಿಸಲೂ ಇಲ್ಲ. ಆದರೂ ಕ್ಲಿಪ್ಪು ಕಬ್ಬಿಣಕ್ಕೆ ಎರಡು ಸಲ ಬಡಿಯಿತು. ಆ ಮೂಲೆಗೆ ಕ್ಯಾಮೆರಾ ಇರಲಿಲ್ಲ. ಅದಕ್ಕೇ ತಾನೆ ಅವಳನ್ನು ಕೂರಿಸಿದ್ದು. ಒಳ್ಳೆಯದಕ್ಕೇ, ಹಿಂದಿನ ಸಾಲಿಗೆ ಹೋಗದಿರಲಿ ಎಂದು, ಒಂದಷ್ಟು ದಿನ ಅಭ್ಯಾಸವಾದರೆ ಸಾಕು ಎಂದು. ಇವೆಲ್ಲ ನಿಜವೇ. ಆದರೆ ಇವೆಲ್ಲದರ ಕೆಳಗೆ, ತಳದಲ್ಲಿ, ಇನ್ನೊಂದು ಇತ್ತು. ಅದನ್ನು ತನ್ನ ಡೈರಿಯಲ್ಲಿ ಬರೆಯಲೂ ಅವಳಿಗೆ ನಾಲ್ಕು ದಿನ ಹಿಡಿಯಿತು. ಅಂಗಡಿಯಲ್ಲಿ ಸಾಮಾನು ಕೇಳಿದರೆ ಎರಡು ಸಲ ಕೇಳಬೇಕಾಗುತ್ತಿದ್ದವಳು, ಬಸ್ಸಿನಲ್ಲಿ ‘ಇಳಿಯೋರಿದ್ದೀವಿ’ ಎನ್ನಲಾರದೆ ಮುಂದಿನ ಸ್ಟಾಪಿಗೆ ಹೋಗಿ ಹಿಂದಕ್ಕೆ ನಡೆದು ಬರುತ್ತಿದ್ದವಳು ತಾನು. ತಾನು ಎರಡು ಸಲ ತಟ್ಟಿದರೆ ಒಂದು ಸಿಂಹ ಎದ್ದು ಬರುತ್ತದೆ. ಹಿತವಾಗಿತ್ತು. ಮೊದಲ ದಿನ ನಾಲ್ಕು ನಿಮಿಷ, ಎರಡನೇ ದಿನ ಮೂರೂವರೆ, ಐದನೇ ದಿನ ಮೂರು, ನಿನ್ನೆ ಹನ್ನೊಂದನೇ ದಿನ ಒಂದೂವರೆ. ಅದರ ಶಕ್ತಿ ಕರಗುತ್ತಿದ್ದುದನ್ನು ಅವಳು ಒಳಗೊಳಗೇ ಎಣಿಸಿದ್ದಳು, ಹಾಳೆಗೆ ಮಾತ್ರ ಇಳಿಸಿರಲಿಲ್ಲ. ನಿನ್ನೆ ಅದು ಹಿಂಗಾಲು ಎಳೆದುಕೊಂಡು ಒಳಗೆ ಹೋಯಿತು. ಕುಂಟುವುದನ್ನು ಬರೆದಳು, ಕಾರಣವನ್ನು ಬರೆಯಲಿಲ್ಲ. ಹೊಸ ನೆಲದಲ್ಲಿ ಓಡಾಡಿದ ನೋವು, ಒಳ್ಳೇ ನೋವೇ ಇದು ಎಂದು ಡಾಕ್ಟರಮ್ಮ ನಕ್ಕು, ಇನ್ನು ತಡ ಯಾಕೆ, ನಾಳೆ ಹನ್ನೊಂದಕ್ಕೆ ಅಂಗಳಕ್ಕೂ ಬಯಲಿಗೂ ನಡುವಿನ ಬಾಗಿಲು ತೆಗೆದು ಆ ಎರಡರ ಜೊತೆ ಬಿಡೋಣ ಎಂದುಬಿಟ್ಟರು. ಒಂದನೆಯದು ದೊಡ್ಡ ಗಂಡು, ತನ್ನ ಜಾಗಕ್ಕೆ ಯಾರನ್ನೂ ಬಿಟ್ಟುಕೊಳ್ಳುವ ಪೈಕಿಯಲ್ಲ. ಅದರ ಮುಂದೆ ಎಲ್ಲೋ ಒಂದು ಬಕೆಟ್ಟು ಎರಡು ಸಲ ಕಟಾಂಜನಕ್ಕೆ ತಾಗಿತು ಅನ್ನೋಣ, ಈ ಮುದಿಜೀವ ಕಲ್ಲು ಹತ್ತಿ ಹೊಟ್ಟೆ ತೋರಿಸಿಕೊಂಡು ಕೈಯೆತ್ತಿ ಕೂತಿತು ಅನ್ನೋಣ.

ಮನೆಯ ಮುಂದಿನ ಕೋಣೆಯಲ್ಲಿ ಅಪ್ಪ ಗಡಿಯಾರ ರಿಪೇರಿ ಮಾಡುತ್ತಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದ ತುದಿಯಲ್ಲಿ ಹಿಡಿದಿರುವಾಗ ತಲೆಯೆತ್ತುವಂತಿಲ್ಲ, ಕೂಗುವಂತಿಲ್ಲ, ಉಸಿರು ಜೋರಾಗಿ ಬಿಡುವಂತಿಲ್ಲ. ನೀರು ಬೇಕಾದರೆ ಎಡಗೈಯ ಇನ್ನೊಂದು ಚಿಮಟದಿಂದ ಸ್ಟೀಲಿನ ಲೋಟಕ್ಕೆ ಎರಡು ಸಲ ತಟ್ಟುತ್ತಾರೆ. ಅಮ್ಮ ಒಳಗೆ ಏನು ಮಾಡುತ್ತಿದ್ದರೂ ಬಿಟ್ಟು ಎದ್ದು ಬರುತ್ತಾಳೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಅಪ್ಪ ಜೀವಮಾನದಲ್ಲಿ ಅಮ್ಮನಿಗೆ ಗದರಿದವರಲ್ಲ. ಮಗಳಿಗೆ ಹದಿನಾಲ್ಕಿರಬೇಕು, ಮೂವರೂ ಒಂದು ಹೋಟೆಲಿಗೆ ಹೋಗಿದ್ದರು. ಪಕ್ಕದ ಟೇಬಲ್ಲಿನಲ್ಲಿ ಯಾರೋ ಸಪ್ಲೈಯರನ್ನು ಕರೆಯಲೆಂದು ಚಮಚದಿಂದ ಗಾಜಿನ ಲೋಟಕ್ಕೆ ಎರಡು ಸಲ ತಟ್ಟಿದರು. ಅಮ್ಮ ಎದ್ದು ನಿಂತಳು. ಬಾಯಲ್ಲಿ ತುತ್ತಿತ್ತು, ಒಂದು ಕೈ ಆಗಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿತ್ತು, ಇಡೀ ಹೋಟೆಲು ಕೂತಿತ್ತು, ಅವಳೊಬ್ಬಳು ನಿಂತಿದ್ದಳು. ಅಪ್ಪ ನಕ್ಕರು, ಪ್ರೀತಿಯಿಂದಲೇ. ಮಗಳೂ ನಕ್ಕಳು. ಜೋರಾಗಿ, ಮೂಗಿಗೆ ನೀರು ಹತ್ತುವಷ್ಟು. ಅಮ್ಮ ಕೂತ ಮೇಲೆ ತಟ್ಟೆಯಲ್ಲಿದ್ದದ್ದನ್ನು ಬಹಳ ಸಣ್ಣ ಸಣ್ಣ ತುಂಡು ಮಾಡಿ ತಿಂದಳು. ಅದೂ ಮಗಳ ಕಣ್ಣಿಗೆ ಬಿದ್ದಿತ್ತು. ನೋಡುವ ಕೆಲಸ ಆಗಲೇ ಶುರುವಾಗಿತ್ತೇನೋ. ಹತ್ತು ವರ್ಷ ಆ ನಗು ಎಲ್ಲಿ ಅಡಗಿತ್ತೋ, ಸಿಂಹಿಣಿ ಕಲ್ಲಿನ ಮೇಲೆ ಕೈಯೆತ್ತಿ ಕೂತ ಏಳನೆಯ ದಿನ ತಾನಾಗಿ ಬಂದು ಅವಳ ಗಂಟಲಲ್ಲಿ ನಿಂತಿತು. ಅಂದು ಸಂಜೆ ಅಪ್ಪ ತಟ್ಟುವ ಮೊದಲೇ ಲೋಟ ತುಂಬಿ ಇಟ್ಟಳು. ಅಪ್ಪ ಅಭ್ಯಾಸಬಲದಿಂದ ತಟ್ಟಿದರು, ಅಮ್ಮ ಎದ್ದು ಬಂದಳು, ತುಂಬಿದ ಲೋಟವನ್ನು ನೋಡಿ, ಏನು ಮಾಡಬೇಕೆಂದು ತಿಳಿಯದೆ, ಅದನ್ನು ಎರಡು ಬೆರಳು ಆಚೆ ಸರಿಸಿಟ್ಟು ಹೋದಳು.

ಗೇಟಿನ ಒಳಗೆ ಬಾಗಿಲಣ್ಣ ಹಗ್ಗಗಳಿಗೆ ಎಣ್ಣೆ ಸವರುತ್ತಿದ್ದ. ಐವತ್ತೈದು ದಾಟಿದ ಮನುಷ್ಯ, ಹೆಜ್ಜೆಯ ಸದ್ದು ಕೇಳಬಾರದೆಂದು ರಬ್ಬರಿನ ಚಪ್ಪಲಿ ಹಾಕುತ್ತಾನೆ, ಮಾತಿಗೆ ಮಾತ್ರ ಅಂಥ ಯಾವ ಚಪ್ಪಲಿಯೂ ಇಲ್ಲ. ಇವತ್ತು ಅತ್ತೇನ ಗಂಡನ ಮನೆಗೆ ಕಳಿಸೋ ದಿನ, ನೀನು ನೋಡಿದ್ರೆ ಮುಖ ಒಣಗಿಸಿಕೊಂಡು ಬಂದಿದ್ದೀಯಲ್ಲಮ್ಮ ಎಂದ. ಅವಳು ನಗಲು ನೋಡಿದಳು. ನಗು ಅರ್ಧಕ್ಕೆ ಬಂದು ನಿಂತದ್ದನ್ನು ಕಂಡು ಅವನು ಎಣ್ಣೆಯ ಬಟ್ಟೆ ಕೆಳಗಿಟ್ಟ. ಬಾಗಿಲುಗಳ ಹಗ್ಗ ಎಳೆಯುವುದು ಹಿಂದಿನ ಓಣಿಯಿಂದ. ಅಲ್ಲಿಂದ ಅಂಗಳ ಕಾಣುವುದಿಲ್ಲ, ಕೇಳುತ್ತದೆ.

“ಹನ್ನೊಂದು ದಿನದಿಂದ ನಂಗೂ ಕಿವಿ ಇದೆ, ಪೆನ್ಸಿಲ್” ಎಂದ ಮೆಲ್ಲಗೆ. “ಒಂದು ಪ್ರಾಣಿ ಬಿಸಿಲು ಕಾಣ್ತಿದ್ರೆ ಯಾರಿಗೇನು ನಷ್ಟ ಅಂತ ನಾನೂ ಸುಮ್ನಿದ್ದೆ. ಈಗ ಹೋಗಿ ಹೇಳಿದ್ರೆ ನೀನೂ ಹೋಗ್ತೀಯ, ಅದೂ ಹಿಂದಿನ ಸಾಲಿಗೆ ಹೋಗುತ್ತೆ. ನಾನಂತೂ ಏನೂ ಕೇಳಿಲ್ಲ.”

ಅವನು ಹೆದರಿಸುತ್ತಿರಲಿಲ್ಲ, ಉಪಕಾರ ಮಾಡುತ್ತಿದ್ದ. ಅದೇ ಕಷ್ಟವಾಗಿತ್ತು. ಅವಳು ಹೋಗಿ ಸ್ಟೂಲಿನ ಮೇಲೆ ಕೂತಳು. ಪ್ಯಾಡಿನಿಂದ ಹಾಳೆಗಳನ್ನು ಬಿಡಿಸಿ ಮಡಿಲಲ್ಲಿಟ್ಟುಕೊಂಡು, ತಗಡಿನ ಕ್ಲಿಪ್ಪಿದ್ದ ಪ್ಯಾಡನ್ನು ಚೀಲದ ತಳಕ್ಕೆ ತುರುಕಿ, ಮೇಲೆ ಊಟದ ಡಬ್ಬಿಯನ್ನೂ ಶಾಲನ್ನೂ ಹೇರಿದಳು. ಏಳಕ್ಕೆ ಬಾಗಿಲು ಎದ್ದಿತು. ಏಳು ನಲವತ್ತಕ್ಕೆ ಸಿಂಹಿಣಿ ತಲೆಯೆತ್ತಿ ಅವಳನ್ನು ನೋಡಿತು. ಎಂಟಕ್ಕೂ ನೋಡುತ್ತಿತ್ತು. ಎಂಟು ಇಪ್ಪತ್ತಕ್ಕೆ ಎದ್ದು ನಿಂತು, ಹೊಸ್ತಿಲಿನವರೆಗೆ ಬಂದು, ಕಿವಿ ಮುಂದಕ್ಕೆ ಮಾಡಿ ಕಾದು, ಹಿಂದಕ್ಕೆ ಹೋಗಿ ಮಲಗಿತು. ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಕಬ್ಬಿಣದ ಕಡೆ ಹೊರಟದ್ದನ್ನು ಕಂಡು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಹತ್ತು ನಲವತ್ತಕ್ಕೆ ಡಾಕ್ಟರಮ್ಮ ಬಂದಾಗ ಒಳಗಿನ ಕತ್ತಲಲ್ಲಿ ಬಾಲದ ತುದಿಯಷ್ಟೇ ಕಾಣುತ್ತಿತ್ತು. ಇವತ್ತೇ ಯಾಕೆ ಬಂದಿಲ್ಲ ಎಂದು ಅವರು ಕೇಳಿದ್ದಕ್ಕೆ, ಹಿಂದೆಯೇ ಬಂದ ಬಾಗಿಲಣ್ಣ, ಕಾಲುನೋವಿಗೆ ಮಾತ್ರೆ ಕೊಟ್ಟಿದ್ರಲ್ಲ ಮೇಡಂ, ಮಂಪರಿರಬೇಕು ಎಂದ. ಅವರು ಗಡಿಯಾರ ನೋಡಿಕೊಂಡರು. ಹಾಗಾದ್ರೆ ಇವತ್ತು ಬೇಡ, ನಾಳೆ ನಾಡಿದ್ದು ನೋಡೋಣ ಎಂದರು. ಎಷ್ಟು ಸಲೀಸು. ನಾಳೆ ನಾಡಿದ್ದು ಎನ್ನುವ ಮಾತು ಮೆತ್ತನೆಯ ಹಾಸಿಗೆಯಂತೆ ಎದುರಿಗೆ ಬಿಚ್ಚಿಕೊಂಡಿತು. ಅದರ ಮೇಲೆ ಬಿದ್ದುಕೊಂಡರಾಯಿತು. ಅವಳು ಎದ್ದು ನಿಂತಳು. ಎರಡು ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ಮೊದಲನೇ ದಿನ ನಾಲ್ಕು ನಿಮಿಷ” ಎಂದಳು. ಅವರಿಗೆ ಅರ್ಥವಾಗಲಿಲ್ಲ ಎಂದು ಕಂಡಿತು, ಆದರೆ ನಿಲ್ಲಿಸಿದರೆ ಮತ್ತೆ ಶುರುವಾಗದೆಂದು ಹೇಳುತ್ತಲೇ ಹೋದಳು. “ಎರಡನೇ ದಿನ ಮೂರೂವರೆ. ನಿನ್ನೆ ಒಂದೂವರೆ. ಕಟಾಂಜನಕ್ಕೆ ಎರಡು ಸಲ ತಟ್ಟಿದ್ರೆ ಬಂದು ಆ ಕಲ್ಲಿನ ಮೇಲೆ ಕೈಯೆತ್ತಿ ಕೂತ್ಕೊಳ್ಳುತ್ತೆ ಮೇಡಂ. ಹನ್ನೊಂದು ದಿನದಿಂದ ನಾನೇ ತಟ್ತಿದ್ದೆ. ಕಾಲು ನೋಯ್ತಿರೋದು ಅದರಿಂದ. ಇಳಿಸೋದು ಹೇಗೆ ಅಂತ ನಂಗೆ ಗೊತ್ತಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರಮ್ಮ ಆ ಚಪ್ಪಟೆ ಕಲ್ಲನ್ನೊಮ್ಮೆ ನೋಡಿದರು. ಆಮೇಲೆ ಹನ್ನೊಂದು ದಿನದ ಹಾಳೆಗಳನ್ನು ತರಿಸಿ, ಪ್ರತಿ ಸುಳ್ಳು ಸಾಲಿನ ಪಕ್ಕ ನಡೆದದ್ದೇನು ಎಂದು ಅವಳ ಕೈಯಿಂದಲೇ, ಇಂಕಿನಲ್ಲಿ, ಅಲ್ಲೇ ಕೂತು ಬರೆಯಲು ಹೇಳಿದರು. ಯಾರೂ ಅಲ್ಲಿಂದ ಹೋಗಲಿಲ್ಲ. ಮಾಂಸ ಕೊಯ್ಯುವಾತ, ನೀರು ಬಿಡುವಾಕೆ, ಒಬ್ಬೊಬ್ಬರೇ ಬಂದು ಸ್ವಲ್ಪ ದೂರದಲ್ಲಿ ನಿಂತರು. ಹಾಳೆಯ ಅಂಚಿನಲ್ಲಿ ಜಾಗ ಕಮ್ಮಿಯಿತ್ತು. ಅಕ್ಷರ ಸಣ್ಣದು ಮಾಡಬೇಕಾಯಿತು. ಮೂರನೆಯ ಹಾಳೆಯಲ್ಲಿ ತಾನು ಎಂದೋ ಖುಷಿಗೆ ಬಿಡಿಸಿದ್ದ ಪುಟ್ಟ ಹೂವೊಂದು ‘ತಾನಾಗಿ’ ಎಂಬ ಪದದ ತಲೆಯ ಮೇಲೆ ಕೂತಿತ್ತು. ಅದನ್ನು ಎಲ್ಲರೂ ನೋಡುತ್ತಿದ್ದಾರೆ ಎನ್ನಿಸಿ ಕಿವಿ ಸುಟ್ಟಿತು. ಅಳಿಸಲು ಕೈ ಹೋಯಿತು, ಅಳಿಸಲಿಲ್ಲ. ಅದೂ ನಡೆದದ್ದೇ. ಹನ್ನೊಂದನೆಯದು ಮುಗಿಯುವಾಗ ಬೆರಳಿಗೆಲ್ಲ ಇಂಕು ಮೆತ್ತಿತ್ತು.

“ನಿನ್ನನ್ನ ಇವತ್ತೇ ಮನೆಗೆ ಕಳಿಸಬೇಕು” ಎಂದರು ಡಾಕ್ಟರಮ್ಮ, ಹಾಳೆಗಳನ್ನು ಮಡಚುತ್ತ. “ಆದ್ರೆ ಆ ಸದ್ದು ನಿನ್ನ ಮುಖಕ್ಕೆ ಅಂಟ್ಕೊಂಡಿದೆ. ಬೇರೆ ಯಾರನ್ನ ಕೂರಿಸಿದ್ರೂ ಅದು ನಿನ್ನನ್ನೇ ಹುಡುಕ್ತಾ ಇರುತ್ತೆ. ಇದೇ ಸ್ಟೂಲ್ ಮೇಲೆ ಕೂತು, ನೀನು ತಟ್ಟಲ್ಲ ಅಂತ ನೀನೇ ಅದಕ್ಕೆ ತಿಳಿಸಬೇಕು. ಲಾರಿ ಬರೋಕೆ ಇಪ್ಪತ್ತು ದಿನ ಇದೆ. ಅಷ್ಟರಲ್ಲಿ ತಾನಾಗಿ ಬರದಿದ್ರೆ ಹಿಂದಿನ ಸಾಲು, ಇಪ್ಪತ್ತೊಂದನೇ ದಿನ ಕೇಳಬೇಡ.”

ಅಮ್ಮನಿಗೆ ಹೇಳಬಾರದು ಎಂದುಕೊಂಡು ಮನೆಗೆ ಬಂದವಳು, ಅಮ್ಮ ಬೆರಳಿನ ಇಂಕು ನೋಡಿ ಏನೇ ಅದು ಎಂದದ್ದಕ್ಕೆ ಎಲ್ಲವನ್ನೂ ಹೇಳಿಬಿಟ್ಟಳು. ಅಮ್ಮ ಅಡುಗೆಮನೆಯ ಕಟ್ಟೆ ಒರೆಸುತ್ತ ಕೇಳಿಸಿಕೊಂಡಳು. ಕೈಯೆತ್ತಿ ಕೂರುವ ಭಾಗ ಬಂದಾಗ ಒರೆಸುವುದು ನಿಂತಿತು. ಹೊರಗೆ ಬಾ ಅಂತೀರಲ್ಲ, ಬಂದು ಏನು ಮಾಡಬೇಕು ಅಂತ ಅದಕ್ಕೆ ಗೊತ್ತಾ ಪಾಪ ಎಂದಳು. ಅದೇ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಲೋಟದ ಸದ್ದು. ಅಮ್ಮ ಹೋಗಿ ನೀರು ಕೊಟ್ಟು ಬಂದಳು. ಹೋಟೆಲಿನ ದಿನದ ಬಗ್ಗೆ ಕೇಳಬೇಕು, ನಕ್ಕದ್ದಕ್ಕೆ ಏನಾದರೂ ಹೇಳಬೇಕು ಎಂದು ಹೊರಟ ಮಾತು ಬಾಯಿಗೆ ಬರುವಷ್ಟರಲ್ಲಿ ಬೇರೆಯೇ ಆಗಿತ್ತು: ಅಪ್ಪ ತಟ್ಟೋದು ನಿಂಗೆ ಬೇಜಾರಲ್ವೇನಮ್ಮ?

“ತಟ್ಟೋದು ಏನು ಬೇಜಾರು? ಎದ್ದೆ, ಕೊಟ್ಟೆ, ಮುಗೀತು” ಎಂದಳು ಅಮ್ಮ, ಬಟ್ಟೆ ಹಿಂಡುತ್ತ. “ತಟ್ಟದೇ ಇದ್ದಾಗ ಕಷ್ಟ ಕಣೇ. ಈಗ ತಟ್ತಾರೆ, ಈಗ ತಟ್ತಾರೆ ಅಂತ ಕಿವಿಯೆಲ್ಲ ಅಲ್ಲೇ ಇರುತ್ತೆ. ಮಲಗಿದ್ರೂ ಮಲಗಿದ ಹಾಗಿರಲ್ಲ.”

ಆ ಮಾತನ್ನು ಅವಳು ಮರುದಿನದಿಂದ ಸ್ಟೂಲಿನ ಮೇಲೆ ಕೂತು ದಿನವೂ ನೋಡಿದಳು. ಸಿಂಹಿಣಿ ಹೊಸ್ತಿಲಿಗೆ ಬರುತ್ತಿತ್ತು, ಅವಳ ಮುಖ ನೋಡುತ್ತಿತ್ತು, ಕಾಯುತ್ತಿತ್ತು, ಹೋಗುತ್ತಿತ್ತು. ಮೊದಲ ಮೂರು ದಿನ ಊಟ ಬಿಟ್ಟಿತು. ಅವಳು ಪ್ಯಾಡಿನ ಬದಲು ರಟ್ಟು ತಂದಳು, ವಾಚು ಬಿಚ್ಚಿ ಶಾಲಿನ ಮಡಿಕೆಯಲ್ಲಿ ಕಾಣುವಂತೆ ಇಟ್ಟುಕೊಂಡಳು, ನೀರಿನ ಬಾಟಲಿಗೆ ಹಳೆಯ ಕಾಲುಚೀಲ ತೊಡಿಸಿದಳು. ಕೆಮ್ಮು ಬಂದರೆ ಶಾಲು ಕಚ್ಚಿದಳು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂರುವಲ್ಲಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಒಮ್ಮೆ ಮಾಂಸ ಕೊಯ್ಯುವಾತ ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿ ಪಕ್ಕದವರನ್ನು ನೋಡಿದ, ಇಬ್ಬರು ನಕ್ಕರು. ಅವಳು ಎದ್ದು ಹೋಗಲಿಲ್ಲ. ಡಬ್ಬಿಯಲ್ಲಿದ್ದದ್ದನ್ನು ಕೊನೆಯ ಅಗುಳಿನವರೆಗೆ, ದೊಡ್ಡ ತುತ್ತು ಮಾಡಿ ತಿಂದು ಎದ್ದಳು. ಆರನೆಯ ದಿನ ನಡೆದದ್ದು ಅದಕ್ಕಿಂತ ಕಷ್ಟದ್ದು. ಯಾರೂ ಏನೂ ತಟ್ಟಿರಲಿಲ್ಲ. ಕಾದು ಕಾದು ಸಾಕಾದ ಸಿಂಹಿಣಿ ಕೋಣೆಯ ಒಳಗೇ, ಸಿಮೆಂಟಿನ ಮೇಲೇ, ಹಿಂಗಾಲು ಮಡಚಿ ಕೂತು ಮುಂಗಾಲೆತ್ತಿತು. ಇದು ತಾನೇ ನಿನಗೆ ಬೇಕಾಗಿದ್ದದ್ದು, ತಗೋ ಎಂದು ಕೊಡುವ ಹಾಗೆ. ಅವಳಿಗೆ ಓಡಿಹೋಗಬೇಕೆನಿಸಿತು. ಓಡಿದರೆ ಅದಕ್ಕೂ ಏನೋ ಒಂದು ಅರ್ಥ ಹತ್ತುತ್ತದೆ. ಕಣ್ಣಿನಲ್ಲಿ ನೀರು ತುಂಬಿ ಸಿಂಹಿಣಿ ಎರಡಾಗಿ ಕಂಡಿತು, ಒರೆಸಲು ಕೈಯೆತ್ತಲಿಲ್ಲ. ಅದು ಕುಸಿದ ಮೇಲೆ ಬರೆದಳು: 9.10. ಕೋಣೆಯೊಳಗೆ ಕೈಯೆತ್ತಿ ಕೂತಿತು. ಎರಡು ನಿಮಿಷ. ನಾನು ಏನೂ ಮಾಡಲಿಲ್ಲ. ಒಂಬತ್ತನೆಯ ದಿನವೂ ಹಾಗೇ ಆಯಿತು, ಅರ್ಧ ನಿಮಿಷ. ಹನ್ನೆರಡನೆಯ ದಿನ ಮುಂಗಾಲನ್ನು ಎತ್ತಿದ ಹಾಗೆ ಮಾಡಿ, ಎತ್ತದೆ, ಅದನ್ನೇ ನೆಕ್ಕಿಕೊಂಡಿತು. ಸಂಜೆ ಹಾಳೆ ಒಪ್ಪಿಸುವಾಗ ಡಾಕ್ಟರಮ್ಮ ಓದಿ ಮೇಜಿನ ಮೇಲಿಡುತ್ತಿದ್ದರು, ಅಷ್ಟೇ. ಭುಜದ ಮೇಲೆ ಕೈ ಇರಲಿಲ್ಲ. ಅದಿಲ್ಲದೆಯೂ ಸಂಜೆ ಆಗುತ್ತದೆ, ಬಸ್ಸು ಬರುತ್ತದೆ ಎಂದು ಅವಳು ಕಂಡುಕೊಂಡಳು. ಹದಿನಾರು, ಹದಿನೇಳು, ಹದಿನೆಂಟು. ಹಿಂದಿನ ಸಾಲಿನಲ್ಲಿ ಒಂದು ಕೋಣೆ ತೊಳೆದು ಸುಣ್ಣ ಬಳಿದದ್ದನ್ನು ಬಾಗಿಲಣ್ಣ ಹೇಳಲಿಲ್ಲ, ಅವನ ತೋಳಿಗೆ ಅಂಟಿದ್ದ ಸುಣ್ಣ ಹೇಳಿತು.

ಇಪ್ಪತ್ತನೆಯ ದಿನ ಮೋಡವಿತ್ತು. ಬಾಗಿಲು ಎದ್ದು ಎರಡು ಗಂಟೆಯಾದರೂ ಒಳಗೆ ಮಿಸುಕಾಟವಿಲ್ಲ. ಅವಳು ಕೂತಿದ್ದಳು. ಇವತ್ತು ಬರಲಿ ಎಂದು ಬೇಡಿಕೊಳ್ಳುವುದನ್ನು ಎಂದೋ ಬಿಟ್ಟಿದ್ದಳು. ಆ ಬೇಡಿಕೆಯೂ ಒಂದು ಬಗೆಯ ತಟ್ಟುವಿಕೆಯೇ ಎಂದು ಅನ್ನಿಸಿದ ದಿನ ಬಿಟ್ಟಿದ್ದಳು. ಬಾರದಿದ್ದರೆ ಹಿಂದಿನ ಸಾಲಿನ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತೇನೆ, ಬೇಡ ಎಂದರೆ ನಿಂತುಕೊಂಡಿರುತ್ತೇನೆ ಎಂದು ಬೆಳಿಗ್ಗೆ ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಒಂಬತ್ತೂ ಕಾಲಿಗೆ ಸಿಂಹಿಣಿ ಹೊಸ್ತಿಲಿಗೆ ಬಂತು. ಎಂದಿನಂತೆ ಅವಳನ್ನು ನೋಡಲಿಲ್ಲ. ಮೂಗು ಕೆಳಗೆ ಹಾಕಿ ಹೊಸ್ತಿಲಿನಾಚೆಯ ಹುಲ್ಲನ್ನು ಮೂಸಿತು. ಒಂದು ಎಸಳು ಮೂಗಿಗೆ ತಾಗಿ ಸೀನಿತು. ಆಮೇಲೆ ಒಂದು ಪಾದ ಹೊರಗಿಟ್ಟು, ಆ ಪಾದವನ್ನೇ, ಯಾರದೋ ಎಂಬಂತೆ ನೋಡುತ್ತ ನಿಂತಿತು. ಇನ್ನೊಂದು ಪಾದ. ಹಿಂಗಾಲು ಎಳೆದುಕೊಂಡು ಮೂರು ಹೆಜ್ಜೆ ನಡೆದು, ಮೂರಕ್ಕೆ ತಿರುಗುವ ಜಾಗದಲ್ಲಿ ತಡೆದು, ನಾಲ್ಕನೆಯದನ್ನು ಇಟ್ಟಿತು. ಗೋಡೆಯ ಬುಡ ಮೂಸಿತು, ನೀರಿನ ತೊಟ್ಟಿಯನ್ನು ಸುತ್ತಿತು. ಸುತ್ತಿ ಬಂದದ್ದು ಸೀದಾ ಕಲ್ಲಿನ ಎದುರಿಗೆ. ನಿಂತಿತು. ಬಲ ಮುಂಗಾಲೆತ್ತಿ ಕಲ್ಲಿನ ಮೇಲಿಟ್ಟಿತು. ಆಗಲೇ ಹಿಂದೆ, ಕಲ್ಲುಹಾದಿಯ ಮೇಲೆ, ಬೀಗದ ಕೈ ಗೊಂಚಲಿನ ಸದ್ದು: ಡಾಕ್ಟರಮ್ಮ ಬಿರಬಿರನೆ ನಡೆದು ಬರುತ್ತಿದ್ದರು, ಹೆಜ್ಜೆಗೊಮ್ಮೆ ಗೊಂಚಲು ಸೊಂಟಕ್ಕೆ ಬಡಿಯುತ್ತಿತ್ತು. ಸಿಂಹಿಣಿಯ ಕಿವಿ ಹೊರಳಿತು. ಕಲ್ಲಿನ ಮೇಲಿದ್ದ ಪಾದದ ಮೇಲೆ ಭಾರ ಬಿದ್ದುದು, ಭುಜದ ಮೂಳೆ ಮೇಲೆದ್ದುದು ಅವಳಿಗೆ ಕಂಡಿತು. ಅವಳು ಹಿಂದಿರುಗಿ ನೋಡಲಿಲ್ಲ, ಬಾಯಿ ತೆರೆಯಲಿಲ್ಲ. ಬಲಗೈಯನ್ನು ಬೆನ್ನ ಹಿಂದಕ್ಕೆ ಚಾಚಿ ಅಂಗೈ ಅಗಲಿಸಿ ಹಿಡಿದಳು: ಅಲ್ಲೇ ನಿಲ್ಲಿ. ಜೀವಮಾನದಲ್ಲಿ ಯಾರನ್ನೂ ಅವಳು ಹಾಗೆ ನಿಲ್ಲಿಸಿರಲಿಲ್ಲ. ಡಾಕ್ಟರಮ್ಮ ನಿಂತರು. ಗೊಂಚಲು ಮುಷ್ಟಿಯೊಳಗೆ ಹೋಗಿ ಸದ್ದಡಗಿತು. ಕೈ ಸೋಲತೊಡಗಿತು, ಭುಜ ಉರಿಯಿತು, ಬೆರಳುಗಳು ನಡುಗಿದವು, ಅವಳು ಇಳಿಸಲಿಲ್ಲ. ಎಷ್ಟು ಹೊತ್ತು ಎಂದು ಎಣಿಸಲೂ ಇಲ್ಲ. ಸಿಂಹಿಣಿ ಕಲ್ಲನ್ನು ಒಮ್ಮೆ ಮೂಸಿ, ಪಾದವನ್ನು ತೆಗೆದು ನೆಲದ ಮೇಲಿಟ್ಟು, ಕಲ್ಲನ್ನು ಬಳಸಿಕೊಂಡು ಆಚೆ ಹೋಗಿ, ಅವರಿಬ್ಬರಿಗೂ ಬೆನ್ನು ಹಾಕಿ ಹುಲ್ಲಿನಲ್ಲಿ ಮಲಗಿತು.